ಎಸ್.ಪಿ. ರೋಡಿನಲ್ಲಿ ಡಿಸ್ಟಾರ್ಷನ್ ಪೆಡಲಿನ ಬಿಡಿಭಾಗಗಳು

ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲನ್ನು ಮನೆಯಲ್ಲೇ ಕಟ್ಟುವವರಿಗೆ ಬೇಕಾದ ಬಹುತೇಕ ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಯಾವುದನ್ನು ಕಣ್ಣುಮುಚ್ಚಿ ಕೊಳ್ಳಬಹುದು, ಯಾವುದನ್ನು ಪರೀಕ್ಷಿಸಿಯೇ ಕೊಳ್ಳಬೇಕು ಎಂಬುದು ಮೊದಲೇ ತಿಳಿದಿರಬೇಕು. ನಾನು ಆರಿಸಿಕೊಂಡದ್ದು 1970ರ ದಶಕದ, ಎಂಎಕ್ಸ್‌ಆರ್ ಕಂಪನಿಯ ಡಿಸ್ಟಾರ್ಷನ್ ಪ್ಲಸ್ ಪೆಡಲಿನ ಸರ್ಕ್ಯೂಟನ್ನು. ಒಂದು ಆಪ್-ಆಂಪ್ (ಸಿಗ್ನಲ್ಲನ್ನು ಹಿಗ್ಗಿಸುವ ಚಿಪ್), ಎರಡು ಡಯೋಡು, ಕೆಲವೇ ರೆಸಿಸ್ಟರು, ಕೆಪಾಸಿಟರುಗಳಿರುವ ಇದು ಹೊಸಬರಿಗೆ ಹೇಳಿಮಾಡಿಸಿದಂತಿದೆ.

ಆಪ್-ಆಂಪ್ ಆಗಿ 741 ಕೇಳಿದರೆ, ಅದು ಹಳೆಯದು, ಟಿಎಲ್071 ಕೊಳ್ಳಿ ಎಂಬ ಸಲಹೆ ಬರುವುದುಂಟು. ಎರಡರ ಮುಖ್ಯ ಪಿನ್ನುಗಳೂ ಒಂದೇ ಆದ್ದರಿಂದ, ಎಂಟು ಪಿನ್ನಿನ ಸಾಕೆಟ್ ಹಾಕಿಕೊಂಡು ಎರಡರ ದನಿಯನ್ನೂ ಕೇಳಿ ನೋಡಬಹುದು. ನನ್ನ ಮತವಂತೂ 741ಕ್ಕೇ. ಗೇನ್ ಪೂರ್ತಿ ಏರಿಸಿದಾಗ ಸಿಗ್ನಲ್ ಸುಮಾರು 200 ಪಟ್ಟು ಹೆಚ್ಚುತ್ತದೆ. ಅಷ್ಟು ಗೇನಿನಲ್ಲಿ 741ರ ಬ್ಯಾಂಡ್‌ವಿಡ್ತ್ (ಅದು ದಾಟಿಸುವ ಆವರ್ತನಗಳ ಮಿತಿ) 5 ಕಿಲೋಹರ್ಟ್ಸ್ ಆಸುಪಾಸಿಗೆ ಇಳಿಯುವುದರಿಂದ ಕಿವಿಗೆ ಚುಚ್ಚುವ ಕರ್ಕಶತೆ ತಾನಾಗಿಯೇ ತಗ್ಗುತ್ತದೆ.

ನಿಜವಾದ ಎಚ್ಚರ ಬೇಕಿರುವುದು ಡಯೋಡುಗಳಲ್ಲಿ, ಏಕೆಂದರೆ ಪೆಡಲಿನ ದನಿಯನ್ನು ತೀರ್ಮಾನಿಸುವುದು ಮುಖ್ಯವಾಗಿ ಅವೇ. ಸುಲಭವಾಗಿ ಸಿಗುವ ಸಿಲಿಕಾನ್ 1ಎನ್4148 ಸುಮಾರು 0.6 ವೋಲ್ಟಿನಲ್ಲಿ ತರಂಗದ ತುದಿಯನ್ನು ಕತ್ತರಿಸುತ್ತದೆ. ದನಿ ಜೋರಾಗಿಯೂ ಹರಿತವಾಗಿಯೂ ಇರುತ್ತದೆ. 1ಎನ್34ಎ, ಒಎ79ರಂಥ ಜರ್ಮೇನಿಯಂ ಡಯೋಡುಗಳು 0.3 ವೋಲ್ಟಿನ ಆಸುಪಾಸಿನಲ್ಲೇ ಮೆಲ್ಲಗೆ ಕತ್ತರಿಸತೊಡಗುವುದರಿಂದ ದನಿ ಮೃದುವಾಗುತ್ತದೆ, ಒಟ್ಟು ಮಟ್ಟ ಮಾತ್ರ ಸ್ವಲ್ಪ ಕಡಿಮೆ. ಒಂದು ಅಂಗಡಿಯಲ್ಲಿ 1ಎನ್34ಎ ಎಂದು ನನಗೆ ಕೊಟ್ಟದ್ದು ಷಾಟ್ಕಿ ಎಂಬ ಬೇರೆಯೇ ಬಗೆಯ ಡಯೋಡುಗಳನ್ನು. ಮಲ್ಟಿಮೀಟರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುವುದರಿಂದ ಮೀಟರನ್ನು ಮಾತ್ರ ನಂಬುವಂತಿಲ್ಲ. ಪಾರದರ್ಶಕ ಗಾಜಿನ ಹೊದಿಕೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಬೇಕು: ಹಳೆಯ ಮಾದರಿಯ ಜರ್ಮೇನಿಯಂ ಡಯೋಡಿನೊಳಗೆ ಕೂದಲಿನಷ್ಟು ತೆಳುವಾದ, ಬಾಗಿದ ತಂತಿಯೊಂದು ಹರಳಿನ ಚೂರನ್ನು ಮುಟ್ಟಿಕೊಂಡಿರುವುದು ಕಾಣುತ್ತದೆ. ಬೆಸುಗೆ ಹಾಕುವಾಗ ಡಯೋಡಿನ ಕಾಲನ್ನು ಇಕ್ಕಳದಲ್ಲಿ ಹಿಡಿದುಕೊಂಡರೆ ಶಾಖ ಒಳಗೆ ಏರದು.

ಕೆಪಾಸಿಟರುಗಳಿಗೆ ಸಾಮಾನ್ಯ ಪಾಲಿಯೆಸ್ಟರ್ ಸಾಕು, ದುಬಾರಿ ಮಾಲು ಬೇಕಿಲ್ಲ. ಗೇನ್ ಹಾದಿಯ 0.047 ಮೈಕ್ರೋಫ್ಯಾರಡ್ ಬದಲು 0.1 ಹಾಕಿದರೆ ಗಿಟಾರಿನ ದಪ್ಪ ತಂತಿಗಳ ನಾದ ತುಂಬಿಕೊಳ್ಳುತ್ತದೆ. ನನಗೆ ಅದೇ ಇಷ್ಟ.

ಈ ರಸ್ತೆ ನಿರಾಸೆ ಮಾಡುವುದು ಪಾಟ್ (ಮಟ್ಟ ಏರಿಳಿಸುವ ತಿರುಗುಗುಂಡಿ) ಮತ್ತು ಫುಟ್‌ಸ್ವಿಚ್ಚಿನ ವಿಷಯದಲ್ಲಿ. ಗೇನಿಗೆ ಬೇಕಾದ ರಿವರ್ಸ್ ಲಾಗ್ ಪಾಟ್, ಅಂದರೆ ಸಿ ಗುರುತಿನದು, ಅಪರೂಪ; ಬಿ ಗುರುತಿನ ಲೀನಿಯರ್ ಪಾಟ್ ಹಾಕಿದರೆ ಗೇನ್ ಎಲ್ಲವೂ ತಿರುವಿನ ಕೊನೆಗೆ ಬಂದು ಸೇರುತ್ತದೆ. ಒಂಬತ್ತು ಕಾಲಿನ ಫುಟ್‌ಸ್ವಿಚ್ಚಂತೂ ದಿನವೂ ತುಳಿತ ತಿನ್ನುವ ವಸ್ತು. ಇವೆರಡನ್ನೂ ಪೆಡಲ್ ಸಾಮಾನನ್ನೇ ಮಾರುವವರಿಂದ ಆನ್‌ಲೈನಿನಲ್ಲಿ ತರಿಸಿಕೊಂಡು, ಉಳಿದದ್ದಕ್ಕೆ ಎಸ್.ಪಿ. ರೋಡಿಗೆ ಹೋಗುವುದು ಮೇಲು.