ಮೂರು ಪ್ರೀಸ್ಕೂಲ್, ಎರಡು ವರ್ಷ ಮತ್ತು ಒಂದು ಸ್ಟಾರ್ ಸ್ಟಿಕ್ಕರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ಮೂರನೆಯದು. ಕೊನೆಯವರೆಗೆ ಓದಿಸಿ ಆಮೇಲೆ ಪಕ್ಷಪಾತ ಮಾಡಿದಳು ಅಂತ ಅನ್ನಿಸಿಕೊಳ್ಳುವುದು ಬೇಡ. ಮಗಳಿಗೆ ಮೂರು ತುಂಬಿದಾಗಿನಿಂದ ಐದಾಗುವವರೆಗೆ ಮೂರು ಪ್ರೀಸ್ಕೂಲ್ ನೋಡಿದ್ದಾಯಿತು. ಮೂರರ ಬ್ರೋಷರ್‌ನಲ್ಲೂ ಒಂದೇ ಮಾತು: 'ನಮ್ಮಲ್ಲಿ ಮಗುವೇ ಕೇಂದ್ರ'. ಒಳಗೆ ಹೋಗಿ ನೋಡಿದರೆ ಒಂದೊಂದು ಕಡೆ ಒಂದೊಂದು ಅರ್ಥ. ಒಂದು ಕಡೆಯಂತೂ ಅರ್ಥವೇ ಇರಲಿಲ್ಲ.

ಕಟ್ಟಡ, ಕ್ಯಾಮೆರಾ, ವ್ಯಾನು, ಜಾರುಬಂಡೆ ಇವೆಲ್ಲ ಬಿಡುತ್ತೇನೆ. ಅವನ್ನು ಅವರೇ ತೋರಿಸುತ್ತಾರೆ. ನಾನು ಹೇಳುವುದು ಒಳಗಿರುವ ದೊಡ್ಡವರು ಮಕ್ಕಳ ಜೊತೆ ಹೇಗಿರುತ್ತಾರೆ ಅನ್ನುವುದನ್ನು ಮಾತ್ರ.

ಮೊದಲನೆಯದು: ಬೋರ್ಡ್ ಮೇಲೆ ಮಾಂಟೆಸೊರಿ

ಹೆಸರು ನೋಡಿ ಸೇರಿಸಿದೆವು. ತಪ್ಪು ನಮ್ಮದೇ. ಈ ಹೆಸರನ್ನು ಬಹಳ ಕಡೆ ಯಾರು ಬೇಕಾದರೂ ಬೋರ್ಡ್‌ಗೆ ಹಾಕಿಕೊಳ್ಳಬಹುದು ಅಂತ ಆಗ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಇದರ ಜಗಳ ಟ್ರೇಡ್‌ಮಾರ್ಕ್ ಮಂಡಳಿಯವರೆಗೂ ಹೋಗಿ, ಇದೊಂದು ಪದ್ಧತಿಯ ಹೆಸರು, ಒಬ್ಬರ ಸ್ವತ್ತಲ್ಲ ಅಂತ 1967ರಲ್ಲೇ ತೀರ್ಮಾನವಾಗಿದೆ.

ಈ ಪದ್ಧತಿಯಲ್ಲಿ ಮಕ್ಕಳು ಕೈಯಲ್ಲಿ ಹಿಡಿದು ಕಲಿಯುವ ಸಾಮಾನು ಎಲ್ಲ ಇತ್ತು. ಗುಲಾಬಿ ಗೋಪುರ, ಉರುಳೆಗಳು, ಮರಳು ಕಾಗದದ ಅಕ್ಷರಗಳು, ಎಲ್ಲ ಹೊಚ್ಚ ಹೊಸದು. ಗಾಜಿನ ಬೀರುವಿನಲ್ಲಿ. ಬೀರುವಿಗೆ ಬೀಗ. ವಾರಕ್ಕೆ ಮೂರು ದಿನ 'ಮಾಂಟೆಸೊರಿ ಪಿರಿಯಡ್'. ಆಗ ಬೀಗ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಿದ್ದರು. ಅರ್ಧ ಗಂಟೆಗೆ ಬೆಲ್.

ಇದರಲ್ಲಿರುವ ತಮಾಷೆ ನನಗೆ ಅರ್ಥವಾಗಿದ್ದು ಆಮೇಲೆ. ಮಾರಿಯಾ ಮಾಂಟೆಸೊರಿ ಓದಿದ್ದು ವೈದ್ಯಕೀಯ. 1907ರ ಜನವರಿಯಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ಶುರುಮಾಡಿದಾಗ ಅಲ್ಲೂ ಸಾಮಾನಿನ ಬೀರುವಿಗೆ ಬೀಗವೇ ಇತ್ತಂತೆ. ಒಂದು ದಿನ ಟೀಚರ್ ಬೀಗ ಹಾಕುವುದು ಮರೆತರು, ಮರುದಿನ ಬರುವುದೂ ತಡವಾಯಿತು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದು ತೆಗೆದುಕೊಂಡು ಕೆಲಸ ಶುರುಮಾಡಿಬಿಟ್ಟಿದ್ದಾರೆ. ಟೀಚರ್‌ಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸೊರಿಗೆ ಕಂಡಿದ್ದೇ ಬೇರೆ: ಮಕ್ಕಳಿಗೆ ತಮಗೇನು ಬೇಕು ಅಂತ ಗೊತ್ತಿದೆ. ಬೀರು ಹೋಯಿತು, ಮಕ್ಕಳ ಕೈಗೆಟುಕುವ ತಗ್ಗು ಕಪಾಟು ಬಂತು. ನೂರು ವರ್ಷ ದಾಟಿದ ಮೇಲೆ ನಮ್ಮ ಸ್ಕೂಲು ಅದೇ ಹೆಸರಲ್ಲಿ ಬೀಗವನ್ನು ವಾಪಸ್ ತಂದಿತ್ತು.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಸಹಿಸಲಾಗದೆ ಹೋಗಿದ್ದು ಸ್ಟಾರ್.

ಸುಮ್ಮನೆ ಕೂತರೆ ಕೈಗೊಂದು ಸ್ಟಾರ್ ಸ್ಟಿಕ್ಕರ್. ಡಬ್ಬಿ ಖಾಲಿ ಮಾಡಿದರೆ ಒಂದು. ಅಳದೆ ಬಂದರೆ ಒಂದು. ಮೊದಲ ತಿಂಗಳು ನನಗೂ ಖುಷಿಯೇ. ಸಂಜೆ ಮನೆಗೆ ಬಂದ ತಕ್ಷಣ ಅಂಗೈ ಮಗುಚಿ ತೋರಿಸುತ್ತಿದ್ದಳು, ಫೋಟೋ ತೆಗೆದು ಅಜ್ಜಿಗೆ ಕಳಿಸುತ್ತಿದ್ದೆ. ಎರಡನೇ ತಿಂಗಳು ಮನೆಯಲ್ಲೂ ಕೈ ಚಾಚಲು ಶುರುಮಾಡಿದಳು. ನೀರು ಕುಡಿದು ಲೋಟ ಇಟ್ಟಳು, ಕೈ ಚಾಚಿದಳು. ಚಪ್ಪಲಿ ಜೋಡಿಸಿದಳು, ಕೈ ಚಾಚಿದಳು. ಸ್ಟಾರ್ ಇಲ್ಲ ಅಂದರೆ ಜೋಡಿಸಿದ ಚಪ್ಪಲಿಯನ್ನೇ ಒದ್ದು ಹೋದಳು.

ನಿಜವಾಗಿ ಬೇಜಾರಾಗಿದ್ದು ಚಿತ್ರದ ವಿಷಯದಲ್ಲಿ. ಅವಳಿಗೆ ಮೀನು ಬರೆಯುವ ಹುಚ್ಚು. ಮುಂಚೆ ಒಂದು ಮೀನಿಗೆ ಅರ್ಧ ಗಂಟೆ ಕೂರುತ್ತಿದ್ದಳು. ಒಂದೊಂದು ಹುರುಪೆಯನ್ನೂ ಬಿಡದೆ ಬರೆದು, ಅದಕ್ಕೊಂದು ಹೆಸರಿಟ್ಟು, ಅದರ ಅಮ್ಮನನ್ನೂ ಬರೆದು, ಆಮೇಲೇ ಏಳುವುದು. ಒಂದು ಭಾನುವಾರ ನೋಡಿದರೆ ಒಂದು ಗೆರೆ, ಒಂದು ಬಾಲ, ಪೆನ್ಸಿಲ್ ಕೆಳಗೆ. "ಕಣ್ಣೆಲ್ಲಿ ಪುಟ್ಟಾ?" ಅಂದೆ. "ಇಷ್ಟಕ್ಕೇ ಸ್ಟಾರ್ ಬರುತ್ತೆ ಅಮ್ಮಾ" ಅಂದಳು.

ಸ್ಕೂಲಲ್ಲಿ ಹೇಳಿದೆ. "ಮೇಡಂ, ಎಲ್ಲ ಪೇರೆಂಟ್ಸೂ ಕೇಳ್ತಾರೆ, ಮಕ್ಕಳಿಗೆ ಪ್ರೋತ್ಸಾಹ ಬೇಡ್ವಾ?" ಅಂದರು. ಬೇಕು, ಸರಿ. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿಯಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವವರು ಮಾಡಿದ್ದು. ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯಲು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ 'ಬರೆದರೆ ಬಹುಮಾನ' ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದಾಗ, ಬಹುಮಾನದ ಆಸೆ ಹತ್ತಿಸಿಕೊಂಡಿದ್ದವರು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಬರೆದರು. ಹೇಳದೆ ಬಹುಮಾನ ಸಿಕ್ಕ ಮಕ್ಕಳಲ್ಲಿ ಆಸಕ್ತಿ ಕಡಿಮೆಯಾಗಿರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ಕಂಡಿದ್ದು ಕಣ್ಣಿಲ್ಲದ ಆ ಮೀನು.

ಏಳನೇ ತಿಂಗಳಿಗೆ ಬಿಡಿಸಿದೆವು. ಕಟ್ಟಿದ ಫೀಸು ವಾಪಸ್ ಬರಲಿಲ್ಲ.

ಎರಡನೆಯದು: ರೆಜಿಯೋ

ಇಲ್ಲಿ ಬೋರ್ಡ್ ಸುಳ್ಳು ಹೇಳಿರಲಿಲ್ಲ. 'ರೆಜಿಯೋ ಎಮಿಲಿಯಾದಿಂದ ಪ್ರೇರಿತ' ಅಂತಿತ್ತು. ಇಟಲಿಯ ಆ ಊರಿನ ಕಥೆ ನನಗೆ ಮಾಂಟೆಸೊರಿ ಕಥೆಗಿಂತಲೂ ಇಷ್ಟ. 1945ರಲ್ಲಿ ಯುದ್ಧ ಮುಗಿದ ಬೆನ್ನಲ್ಲೇ ಊರಾಚೆಯ ಹಳ್ಳಿಯೊಂದರ ಜನ, ಜರ್ಮನ್ ಸೈನಿಕರು ಬಿಟ್ಟು ಓಡಿದ ಒಂದು ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ ಬಂದ ದುಡ್ಡಲ್ಲಿ ಮಕ್ಕಳಿಗೆ ಸ್ಕೂಲ್ ಕಟ್ಟಲು ಹೊರಟರು. ಸುದ್ದಿ ಕೇಳಿ ಲೋರಿಸ್ ಮಲಗುಜ್ಜಿ ಅನ್ನೋ ಯುವಕ ಟೀಚರ್ ಸೈಕಲ್ ಹತ್ತಿ ನೋಡಲು ಹೋದರು. ಆಮೇಲೆ ಜೀವನವಿಡೀ ಅದನ್ನೇ ಮಾಡಿದರು. 1963ರಲ್ಲಿ ನಗರಸಭೆಯೇ ಪುಟ್ಟ ಮಕ್ಕಳ ಸ್ಕೂಲು ತೆರೆಯಿತು. ಮಕ್ಕಳಿಗೆ ನೂರು ಭಾಷೆ ಇರುತ್ತದೆ ಅನ್ನುವುದು ಮಲಗುಜ್ಜಿ ಮಾತು. ಚಿತ್ರ, ಜೇಡಿಮಣ್ಣು, ಕುಣಿತ, ನೆರಳು ಎಲ್ಲವೂ ಭಾಷೆಯೇ. ಅದಕ್ಕೇ ಅಲ್ಲಿಯ ಸ್ಕೂಲುಗಳಲ್ಲಿ ಟೀಚರ್ ಜೊತೆ ಕಲೆ ಓದಿದ ಒಬ್ಬರು ಕಾಯಂ ಇರುತ್ತಾರೆ.

ನಮ್ಮ ಸ್ಕೂಲಲ್ಲೂ ಇದ್ದರು. ಬಂದ ಮೊದಲ ವಾರ ಯಾವುದೋ ಮಗು "ರಾತ್ರಿ ನೆರಳು ಎಲ್ಲಿ ಮಲಗುತ್ತೆ?" ಅಂತ ಕೇಳಿತು. ಆಮೇಲೆ ಐದು ವಾರ ನೆರಳೇ ನೆರಳು. ಬೆಳಗ್ಗೆ ಚಾಕ್‌ನಲ್ಲಿ ಗೆರೆ ಎಳೆದು ಮಧ್ಯಾಹ್ನ ಹೋಗಿ ನೋಡುವುದು, ಬಿಳಿ ಬಟ್ಟೆ ಹಿಂದೆ ಟಾರ್ಚ್ ಹಿಡಿಯುವುದು. ಮಕ್ಕಳು ಆಡಿದ ಮಾತನ್ನು ಇದ್ದ ಹಾಗೇ ಬರೆದು ಫೋಟೋ ಪಕ್ಕ ಗೋಡೆಗೆ ಹಚ್ಚುತ್ತಿದ್ದರು. ನನ್ನ ಮಗಳದ್ದು: "ನೆರಳಿಗೆ ಕಣ್ಣಿಲ್ಲ, ಅದಕ್ಕೇ ನನ್ನ ಕಾಲು ಹಿಡ್ಕೊಂಡು ಬರುತ್ತೆ." ಆ ಚೀಟಿ ಈಗ ನಮ್ಮ ಫ್ರಿಡ್ಜ್ ಮೇಲಿದೆ.

ಹಾಗಾದರೆ ಯಾಕೆ ಬಿಟ್ಟಿರಿ ಅಂತ ಎಲ್ಲರೂ ಕೇಳುತ್ತಾರೆ. ಟೀಚರ್ ನಿಲ್ಲಲಿಲ್ಲ. ರೆಜಿಯೋದಲ್ಲಿ ಇಬ್ಬರು ಟೀಚರ್ ಜೋಡಿ, ಅದೇ ಮಕ್ಕಳ ಜೊತೆ ಮೂರು ವರ್ಷ ಇರುವುದು ಪದ್ಧತಿ. ಇಲ್ಲಿ ನಾಲ್ಕು ತಿಂಗಳಲ್ಲಿ ಮೂವರು ಬದಲಾದರು. ಈ ಪದ್ಧತಿ ನಡೆಯುವುದೇ ಮಗು ನಿನ್ನೆ ಏನು ಹೇಳಿತು ಅನ್ನೋ ನೆನಪಿನ ಮೇಲೆ ಅಲ್ವಾ? ಹೊಸಬರಿಗೆ ನೆರಳಿನ ಕಥೆ ಗೊತ್ತಿಲ್ಲ. ಒಂದು ಸೋಮವಾರ ಮಕ್ಕಳು ಹೋಗಿ ನೋಡಿದರೆ ಬಿಳಿ ಬಟ್ಟೆ ಮಡಿಚಿಟ್ಟಾಗಿದೆ, ಮೇಜಿನ ಮೇಲೆ ಒಣಗಿದ ಎಲೆ. ಮಗಳು ಒಂದು ವಾರ "ನೆರಳು ಆಂಟಿ ಯಾವಾಗ ಬರ್ತಾರೆ?" ಅಂತ ಕೇಳಿದಳು.

ಫೀಸೂ ಮೂರರಲ್ಲಿ ಇದರದ್ದೇ ಜಾಸ್ತಿ. ಪೋಷಕರ ಸಭೆ ಕೆಲಸದ ದಿನ ಮಧ್ಯಾಹ್ನ ಮೂರಕ್ಕೆ.

ನಡುವೆ ವಾಲ್ಡಾರ್ಫ್ ಒಂದನ್ನೂ ನೋಡಿ ಬಂದೆವು. 1919ರಲ್ಲಿ ಸ್ಟುಟ್‌ಗಾರ್ಟ್‌ನ ಸಿಗರೇಟು ಕಾರ್ಖಾನೆಯೊಂದರ ಕೆಲಸಗಾರರ ಮಕ್ಕಳಿಗಾಗಿ ರುಡಾಲ್ಫ್ ಸ್ಟೈನರ್ ಶುರುಮಾಡಿದ ಪದ್ಧತಿ. ಏಳು ವರ್ಷದ ಹತ್ತಿರ ಬರುವವರೆಗೆ ಅಕ್ಷರದ ಗೋಜಿಲ್ಲ. ನನಗೆ ಒಪ್ಪಿಗೆ ಇತ್ತು, ಮನೆಯಲ್ಲಿ ಬಹುಮತ ಸಿಗಲಿಲ್ಲ.

ಮೂರನೆಯದು: ಕೈ ಕಟ್ಟಿ ಕೂತ ಟೀಚರ್

ಇದೂ ಮಾಂಟೆಸೊರಿಯೇ. ಸುಟ್ಟ ಕೈ, ಹಾಗಾಗಿ ಈ ಸಲ ಬ್ರೋಷರ್ ತೆಗೆದುಕೊಳ್ಳಲೇ ಇಲ್ಲ. ಒಂದು ಗಂಟೆ ಮೂಲೆಯಲ್ಲಿ ಕೂತು ನೋಡಬಹುದಾ ಅಂತ ಕೇಳಿದೆ. "ಕೂತ್ಕೊಳ್ಳಿ, ಆದ್ರೆ ಮಕ್ಕಳನ್ನ ಮಾತಾಡಿಸ್ಬೇಡಿ" ಅಂದರು ಟೀಚರ್. ನನ್ನ ಪಾಲಿಗೆ ಸ್ಕೂಲ್ ಅಲ್ಲೇ ಪಾಸಾಯಿತು.

ಒಬ್ಬ ಹುಡುಗ, ಮೂರೂವರೆ ಇರಬಹುದು, ಚಿಕ್ಕ ಜಗ್‌ನಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದ. ಚೆಲ್ಲಿತು. ಟೀಚರ್ ಎರಡಡಿ ದೂರದಲ್ಲಿ ಕುಳ್ಳ ಸ್ಟೂಲ್ ಮೇಲಿದ್ದಾರೆ, ಎರಡೂ ಕೈ ಮಡಿಲಲ್ಲಿ. ಏಳಲಿಲ್ಲ. ಹುಡುಗ ನೀರು ನೋಡಿದ, ಟೀಚರ್ ನೋಡಿದ, ಮತ್ತೆ ನೀರು ನೋಡಿದ. ಹೋಗಿ ಸ್ಪಂಜು ತಂದ. ಒರೆಸಿ ಬಕೆಟ್‌ಗೆ ಹಿಂಡಿದ. ಅರ್ಧ ನೀರು ಅವನ ಕಾಲ ಮೇಲೆ. ಮತ್ತೆ ಬಗ್ಗಿಸಿದ, ಮತ್ತೆ ಚೆಲ್ಲಿತು. ನಾನು ಎಣಿಸಿದ್ದು ಒಂಬತ್ತು ಸಲ. ಒಂಬತ್ತನೆಯದು ಚೆಲ್ಲಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನೂ ಯಾರ ಮುಖ ನೋಡಲಿಲ್ಲ. ಟ್ರೇ ಕಪಾಟಿನಲ್ಲಿಟ್ಟು ಹೋದ.

ಆಮೇಲೆ ಟೀಚರ್ ಹತ್ತಿರ ನಿಮಗೆ ಎಷ್ಟು ತಾಳ್ಮೆ ಅಂದೆ. "ತಾಳ್ಮೆ ಎಲ್ಲಿ ಬಂತು ಕಣ್ರೀ, ಕೈ ತುರಿಸ್ತಾ ಇತ್ತು. ಅದಕ್ಕೇ ಕಟ್ಕೊಂಡು ಕೂತಿದ್ದೆ" ಅಂದರು.

ಅದೇ ನೀರು ಮೊದಲ ಸ್ಕೂಲಲ್ಲಿ ಚೆಲ್ಲಿದಾಗ ಏನಾಗಿತ್ತು ಅಂತ ನೆನಪಾಯಿತು. ಆಯಾ ಓಡಿ ಬಂದು ಒರೆಸಿ, "ನೀನು ಸುಮ್ನೆ ಕೂತ್ಕೋ ಚಿನ್ನ" ಅಂದಿದ್ದರು. ಸುಮ್ಮನೆ ಕೂತಿದ್ದಕ್ಕೆ ಸ್ಟಾರ್. ರೆಜಿಯೋದಲ್ಲಿ ಚೆಲ್ಲಿದಾಗ ಟೀಚರ್ ಫೋನ್ ತೆಗೆದು ಫೋಟೋ ಹೊಡೆದು, "ನೀರು ಎಲ್ಲಿಗೆ ಹೊರಟಿದೆ ನೋಡೋಣ" ಅಂದರು. ಎಲ್ಲ ಮಕ್ಕಳೂ ನೆಲಕ್ಕೆ ಬಗ್ಗಿದರು. ಚೆಂದವೇ. ಮಗಳ ಸಾಕ್ಸ್ ಮಾತ್ರ ಮನೆಗೆ ಬರುವವರೆಗೂ ಒದ್ದೆ.

ಇಲ್ಲಿ ಬೆಳಗ್ಗೆ ಮೂರು ಗಂಟೆ ಒಂದೇ ಓಟ, ನಡುವೆ ಬೆಲ್ ಇಲ್ಲ. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿ. ಗುಂಡಿ ಹಾಕುವುದನ್ನು ಮಗಳಿಗೆ ಕಲಿಸಿದ್ದು ಟೀಚರ್ ಅಲ್ಲ, ಐದು ವರ್ಷದ ಇನ್ನೊಬ್ಬಳು. ಕೈ ಚಾಚುವುದು ನಿಲ್ಲಲು ಎರಡು ತಿಂಗಳು ಹಿಡಿಯಿತು. ಮೀನಿಗೆ ಕಣ್ಣು ಬರಲು ಇನ್ನೂ ಸ್ವಲ್ಪ ಜಾಸ್ತಿ.

ತಕರಾರು ಇಲ್ಲವೇ ಅಂದರೆ ಇದೆ. ಗುಲಾಬಿ ಗೋಪುರದಲ್ಲಿ ಹತ್ತು ಘನಗಳು, ಚಿಕ್ಕದು 1 ಸೆಂಟಿಮೀಟರ್, ದೊಡ್ಡದು 10. ಮಗಳು ಅವನ್ನು ಸಾಲಾಗಿಟ್ಟು 'ಕೂ' ಅಂದಳು. ಟೀಚರ್ ಬಂದು ಪಿಸುದನಿಯಲ್ಲಿ, "ಇದು ಗೋಪುರಕ್ಕೆ ಪುಟ್ಟಿ, ರೈಲಿಗೆ ಹೊರಗಡೆ ಬೇರೆ ಮರದ ತುಂಡಿವೆ" ಅಂದು ಎತ್ತಿಡಿಸಿದರು. ದೊಡ್ಡದು ಚಿಕ್ಕದರ ಅಂದಾಜು ಕೈಗೆ ಹತ್ತಲಿ ಅಂತ ಮಾಡಿದ ಸಾಮಾನು, ಒಂದು ತಪ್ಪಿಟ್ಟರೂ ಗೋಪುರವೇ ತೋರಿಸಿಕೊಡುತ್ತದೆ, ಟೀಚರ್ ಬಾಯಿ ತೆರೆಯಬೇಕಿಲ್ಲ. ಕಾರಣ ಅರ್ಥವಾಗುತ್ತದೆ. ಆದರೂ ಆ ರೈಲು ಹೊರಡಬೇಕಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ನೆರಳು ಆಂಟಿ ಇದ್ದಿದ್ದರೆ ಸ್ಟೇಷನ್ನೇ ಕಟ್ಟಿಸುತ್ತಿದ್ದರು.

ಫೋಟೋ ಕಳಿಸುವುದಿಲ್ಲ. "ಇವತ್ತು ಏನ್ ಮಾಡ್ದೆ?" ಅಂದರೆ ಮಗಳು "ಕೆಲಸ" ಅನ್ನುತ್ತಾಳೆ, ಅಷ್ಟೇ. ಹನ್ನೆರಡೂವರೆಗೆ ಸ್ಕೂಲ್ ಮುಗಿಯುತ್ತದೆ, ಅದೊಂದು ದೊಡ್ಡ ತಲೆನೋವು. ಈಗ ನಾನು ಬೆಳಗ್ಗೆ ಬೇಗ ಕೆಲಸ ಶುರುಮಾಡುತ್ತೇನೆ, ನಮ್ಮನೆಯವರು ಮಧ್ಯಾಹ್ನ ಕರೆತಂದು ರಾತ್ರಿ ಲ್ಯಾಪ್‌ಟಾಪ್ ಹಿಡಿಯುತ್ತಾರೆ.

ನಿಮ್ಮಲ್ಲಿ ಯಾರಾದರೂ ಮಧ್ಯಾಹ್ನ ಬಿಡುವಾಗಿರುವವರಿದ್ದು, ದುಡ್ಡಿಗೆ ತೊಂದರೆ ಇಲ್ಲದೆ, ಟೀಚರ್ ಎರಡು ವರ್ಷದಿಂದ ಅಲ್ಲೇ ಇದ್ದಾರೆ ಅಂತ ಗೊತ್ತಾದರೆ ರೆಜಿಯೋ ನೋಡಿ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ನನಗೆ ಸಂಜೆ ಹೊತ್ತಿಗೆ ಮಾತಾಡುವ ಶಕ್ತಿ ಉಳಿಯುವುದಿಲ್ಲ, ಗದ್ದಲ ಆಗದು, ಫೀಸು ಒಂದೇ ಸಂಬಳದಲ್ಲಿ ಮುಗಿಯಬೇಕು. ಹಾಗಾಗಿ ಮೂರನೆಯದು. ಮಗನಿಗೂ ಅಲ್ಲೇ ಅರ್ಜಿ ಹಾಕಿದ್ದೇವೆ. ಕಾಯುವವರ ಪಟ್ಟಿಯಲ್ಲಿ ಅವನದ್ದು ಹನ್ನೊಂದನೇ ನಂಬರ್.