ತುದಿ ಮುರಿದ ಗಾಳದ ಕೋಲು: ಅಂಟಿಸಿ ನೋಡಿದೆ, ಬೆಸೆದು ನೋಡಿದೆ, ಬದಲಿಸಿಯೂ ನೋಡಿದೆ

ದೊಡ್ಡ ಮೀನು ಎಳೆದು ಕೋಲು ಮುರಿಯಿತು ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ನನ್ನ ಮೂರು ಕೋಲುಗಳೂ ಮುರಿದದ್ದು ದಡದಲ್ಲೇ. ಒಂದು ಕಾರಿನ ಬಾಗಿಲಿಗೆ ಸಿಕ್ಕಿತು. ಉಳಿದೆರಡು ನನ್ನ ಕಾಲಡಿಗೆ ಬಂದವು.

ಮೊದಲನೆಯದರಲ್ಲಿ ತುದಿಯ 3 ಸೆಂಟಿಮೀಟರ್ ಮಾತ್ರ ಹೋಗಿತ್ತು. ಹೊಸ ತುದಿ ಉಂಗುರ, ಅಂದರೆ ಗಾಳದ ದಾರ ಹಾಯುವ, ಕೋಲಿನ ತುದಿಗೆ ಕೂರಲು ಸಣ್ಣ ಲೋಹದ ಕೊಳವೆ ಇರುವ ಉಂಗುರ ತಂದು ಸೂಪರ್ ಗ್ಲೂ ಹಾಕಿದೆ. ಉಂಗುರ ನೇರ ಮಾಡುವಷ್ಟರಲ್ಲಿ ಅದು ಗಟ್ಟಿಯಾಗಿಬಿಟ್ಟಿತ್ತು. ಸೊಟ್ಟಗೆ ಕೂತ ಉಂಗುರ ಕೋಲು ನಾಲ್ಕು ಸಲ ಬಾಗುವ ಹೊತ್ತಿಗೆ ಕಳಚಿತು. ಆಮೇಲೆ ಎಪಾಕ್ಸಿ, ಎರಡು ಭಾಗ ಕಲಸಿ ಹಚ್ಚುವ ಅಂಟು. ಹಿಡಿತ ಗಟ್ಟಿ, ಸಂಶಯವಿಲ್ಲ. ಆದರೆ ಮುಂದೆ ಉಂಗುರ ಸವೆದಾಗ ಬಿಚ್ಚಲು ಜಾಸ್ತಿ ಶಾಖ ಬೇಕು, ಆ ಶಾಖ ಕಾರ್ಬನ್ ಕೋಲಿಗೆ ಒಳ್ಳೆಯದಲ್ಲ.

ಕೊನೆಗೆ ಗೆದ್ದದ್ದು ಬಿಸಿ ಮಾಡಿದರೆ ಕರಗುವ ಅಂಟಿನ ಕಡ್ಡಿ. ಕರಗಿದ ಅಂಟನ್ನು ಕೋಲಿನ ತುದಿಗೆ ಸವರಿ, ಉಂಗುರದ ಕೊಳವೆಯನ್ನು ಸ್ವಲ್ಪ ಬಿಸಿ ಮಾಡಿ ತೂರಿಸಿದೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ, ಎಲ್ಲ ಉಂಗುರಗಳೂ ಒಂದೇ ಸಾಲಿಗೆ ಬಂದವಾ ಎಂದು ನೋಡಿ ತಿರುಗಿಸಿದೆ. ತಪ್ಪಿದರೆ ಮತ್ತೆ ಲೈಟರ್ ಹಿಡಿದರಾಯಿತು. ಲೋಹಕ್ಕೆ ಮಾತ್ರ, ಕೋಲಿಗಲ್ಲ!

ಇಲ್ಲಿ ನಾನು ಎಡವಿದ್ದು ಅಳತೆಯಲ್ಲಿ. ಕೊಳವೆಯ ಒಳ ಅಳತೆಯನ್ನು ಸಾಮಾನ್ಯವಾಗಿ ಇಂಚಿನ 64ನೇ ಭಾಗಗಳಲ್ಲಿ ಹೇಳುತ್ತಾರೆ. 5 ಎಂದರೆ ಸುಮಾರು 2 ಮಿಲಿಮೀಟರ್, 6 ಎಂದರೆ 2.4. ಇದು ಗೊತ್ತಿಲ್ಲದೆ ಸುಮ್ನೆ ಕಣ್ಣಳತೆಯಲ್ಲಿ ತಂದ ಎರಡು ಉಂಗುರ ದಂಡವಾದವು. ತುಸು ಸಡಿಲವಾದರೆ ಒಂದು ಸುತ್ತು ದಾರ ಸುತ್ತಬಹುದು. ಬಿಗಿಯಾದರೆ ಕೋಲನ್ನು ಅರದಿಂದ ಸವೆಸಬೇಡಿ, ದೊಡ್ಡ ಉಂಗುರ ತನ್ನಿ. ಮುರಿದ ಅಂಚನ್ನು ಇಕ್ಕಳದಲ್ಲಿ ಕತ್ತರಿಸಿದರೆ ನಾರು ಸೀಳುತ್ತದೆ. ಟೇಪ್ ಸುತ್ತಿ, ಸಣ್ಣ ಹಲ್ಲಿನ ಗರಗಸ ಬಳಸಿ. ಮೂಗಿಗೆ ಬಟ್ಟೆಯಲ್ಲ, ಮಾಸ್ಕ್ ಇರಲಿ, ಕಾರ್ಬನ್ ಪುಡಿ ಒಳಗೆ ಹೋಗಬಾರದು.

ಎರಡನೆಯದು ತುದಿಯಿಂದ ಸುಮಾರು 30 ಸೆಂಟಿಮೀಟರ್ ಕೆಳಗೆ ಮುರಿದಿತ್ತು. ಅಷ್ಟನ್ನೂ ಕತ್ತರಿಸಿದರೆ ಕೋಲು ಬರೀ ದೊಣ್ಣೆ, ಅಲ್ವಾ? ಅದಕ್ಕೆ ಒಳಗೆ ಗಟ್ಟಿ ಫೈಬರ್‌ಗ್ಲಾಸ್ ಕಡ್ಡಿ ತೂರಿಸಿ, ಎಪಾಕ್ಸಿ ಹಾಕಿ, ಮೇಲೆ ದಾರ ಸುತ್ತಿದೆ. ಒಂದು ಸಂಜೆ ಪೂರ್ತಿ ಹೋಯಿತು. ಬೆಸುಗೆ ಹಿಡಿಯಿತು, ಆದರೆ ಆ ಜಾಗ ಬಾಗುವುದಿಲ್ಲ. ಕೆಲವು ತಿಂಗಳ ಬಳಿಕ ಬೆಸುಗೆಯ ಮೇಲ್ಗಡೆಯೇ ಬಿರುಕು ಬಿಟ್ಟಿತು.

ಮೂರನೆಯದಕ್ಕೆ ಮೇಲಿನ ತುಂಡನ್ನೇ ಬದಲಿಸಿದೆ. ಮೊದಲು ಬೇರೆ ಕೋಲಿನ ತುಂಡು ಹಾಕಿ ನೋಡಿದೆ, ಜೋಡಣೆಯಲ್ಲಿ ಅಲ್ಲಾಡುತ್ತಿತ್ತು. ಅದೇ ಮಾದರಿಯದು ಸಿಕ್ಕ ಮೇಲೆ ಕೋಲು ಹೊಸದರಂತೆ ಬಾಗಿತು. ಅಗ್ಗದ ಕೋಲಿಗೆ ಈ ಖರ್ಚು ಬೇಡ, ಹೊಸದೇ ವಾಸಿ.

ಬೆಸೆದ ಕೋಲು ಈಗ ಬಿರುಕಿನ ಕೆಳಗೆ ಕತ್ತರಿಸಿಕೊಂಡು, ಅಂಟಿಸಿದ ಉಂಗುರದೊಂದಿಗೆ ಗಾಳ ಮುಳುಗಿಸುವ ಭಾರದ ಸೀಸ ಎಸೆಯುತ್ತಿದೆ.