ಡ್ಯಾನ್ಯೂಬ್ ದಂಡೆಗೆ ಬಾಡಿಗೆ ಸೈಕಲ್: ಏಳು ಗೇರ್ ಸಾಕು, ಸೀಟು ಮಾತ್ರ ನಿಮ್ಮದೇ ಇರಲಿ

ಜರ್ಮನಿಯ ಪಸ್ಸಾವ್‌ನಿಂದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಪಕ್ಕದಲ್ಲೇ ಸೈಕಲ್ ತುಳಿಯುವ ಯೋಚನೆ ಇದೆಯಾ? ಹಾಗಿದ್ದರೆ ಬೆಂಗಳೂರಿನಿಂದ ಸೈಕಲ್ ಹೊತ್ತುಕೊಂಡು ಹೋಗಬೇಡಿ. ಅಲ್ಲೇ ಏಳು ಗೇರಿನ ಟ್ರೆಕ್ಕಿಂಗ್ ಸೈಕಲ್ ಬಾಡಿಗೆಗೆ ತಗೊಳ್ಳಿ. ನಾನೂ ಹೆಂಡತಿಯೂ ಕೆಲವು ವರ್ಷಗಳಿಂದ ರಜೆಗೆ ಇಂಥ ಸೈಕಲ್ಲುಗಳಲ್ಲೇ ಆ ಕಡೆ ಸುತ್ತಿದ್ದೇವೆ. ಇದು ಯಾವುದೋ ಒಂದು ಅಂಗಡಿಯ ವಿಮರ್ಶೆ ಅಲ್ಲ, ಆ ಜಾತಿಯ ಸೈಕಲ್ಲಿನ ವಿಮರ್ಶೆ.

28 ಇಂಚಿನ ಚಕ್ರ, ಸುಮಾರು 40 ಮಿ.ಮೀ. ಅಗಲದ ಟೈರು, ನೆಟ್ಟಗೆ ಕೂರಿಸುವ ಹ್ಯಾಂಡಲ್. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೆಲ್ ಎಲ್ಲಾ ಇರುತ್ತವೆ. ಲೈಟಿಗೆ ಮುಂದಿನ ಚಕ್ರದ ನಟ್ಟನಡುವಿನ ಹಬ್ಬಿನೊಳಗೇ (ಕಡ್ಡಿಗಳೆಲ್ಲ ಬಂದು ಸೇರುವ ಭಾಗ) ಡೈನಮೋ. ಹಾಲಿನವರ ಸೈಕಲ್ಲಿಗೆ ಇಸ್ತ್ರಿ ಬಟ್ಟೆ ತೊಡಿಸಿದ ಹಾಗಿರುತ್ತದೆ. ತೂಕ ಜಾಸ್ತಿಯೇ. ಮನೆಯಲ್ಲಿ ರೋಡ್ ಬೈಕ್ ಇಟ್ಟುಕೊಂಡು ಭಾನುವಾರ ನಂದಿ ಬೆಟ್ಟ ಹತ್ತುವವರಿಗೆ ಮೊದಲ ನೋಟಕ್ಕೆ ಬೇಸರ ಆಗಬಹುದು.

ಆದರೆ ಈ ದಾರಿಗೆ ಇದೇ ಸರಿ. ಪಸ್ಸಾವ್‌ನಿಂದ ವಿಯೆನ್ನಾಗೆ ಸುಮಾರು 320 ಕಿ.ಮೀ. ಇಡೀ ದಾರಿಗೆ ನದಿ ಇಳಿಯುವುದು ಹೆಚ್ಚು ಕಡಿಮೆ 150 ಮೀಟರ್, ಅಷ್ಟೇ. ಬಹುಪಾಲು ಕಡೆ ಸೈಕಲ್ ದಾರಿ ಇರುವುದು ಹಿಂದೆ ಕುದುರೆಗಳು ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ದಂಡೆಯ ಮೇಲೆ. ಕುದುರೆಗೆ ಏರು ಬೇಡವಾಗಿತ್ತು, ಅದರ ಲಾಭ ಈಗ ನಮಗೆ. ಗಾಳಿಯೂ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಅಂದರೆ ಬೆನ್ನಿಗೆ.

ಗೇರುಗಳೆಲ್ಲ ಹಿಂದಿನ ಹಬ್ಬಿನೊಳಗೇ ಇರುತ್ತವೆ. ಶಿಮಾನೋ ನೆಕ್ಸಸ್ ಏಳು ಗೇರಿನ ಹಬ್ಬಿನಲ್ಲಿ ಅತಿ ಹಗುರ ಗೇರಿಗೂ ಅತಿ ಭಾರದ್ದಕ್ಕೂ ಸುಮಾರು ಎರಡೂವರೆ ಪಟ್ಟು ಅಂತರ. ಕಡಿಮೆ ಅನಿಸುತ್ತದೆ, ಸಮತಟ್ಟಿಗೆ ಧಾರಾಳ. ಇದರ ನಿಜವಾದ ಸುಖ ಅಂದರೆ ನಿಂತ ಜಾಗದಲ್ಲೇ ಗೇರ್ ಬದಲಿಸಬಹುದು. ಶ್ಲೋಗೆನ್ ಹತ್ತಿರ ನದಿ ಪೂರ್ತಿ ವಾಪಸ್ ತಿರುಗಿಕೊಳ್ಳುತ್ತದೆ. ಅಲ್ಲಿ ಎಡದಂಡೆಯ ದಾರಿ ಒಂದು ಕಡೆ ನಿಂತೇ ಹೋಗುತ್ತದೆ, ಸೈಕಲ್ ಸಮೇತ ದೋಣಿ ಹತ್ತಬೇಕು. ದೋಣಿ ಇಳಿದ ಕೂಡಲೇ ದಂಡೆಯ ಚಿಕ್ಕ ಏರು. ಆಗ ಹ್ಯಾಂಡಲ್ಲಿನ ಗೇರ್ ಹಿಡಿ ತಿರುಗಿಸಿ ಒಂದನೇ ಗೇರಿಗೆ ಹಾಕಿ ಹೊರಟರಾಯಿತು. ಚೈನ್ ಕರಕರ ಅನ್ನುವುದಿಲ್ಲ.

ಸ್ಟ್ಯಾಂಡಿನ ಬೆಲೆ ಗೊತ್ತಾಗುವುದು ಮೆಲ್ಕ್ ದಾಟಿದ ಮೇಲೆ, ವಾಖಾವ್ ಕಣಿವೆಯಲ್ಲಿ. ಎರಡೂ ಕಡೆ ದ್ರಾಕ್ಷಿ, ಏಪ್ರಿಕಾಟ್ ತೋಟಗಳು. ಜುಲೈನಲ್ಲಿ ಹೋದರೆ ದಾರಿಬದಿಯಲ್ಲೇ ಹಣ್ಣು ಮಾರುತ್ತಿರುತ್ತಾರೆ. ಅಲ್ಲಿ ಕಿಲೋಮೀಟರಿಗೊಂದು ಸಲ ಇಳಿಯುತ್ತೀರಿ, ನಾನು ಬರೆದುಕೊಡುತ್ತೇನೆ.

ಇನ್ನು ತೊಂದರೆಗಳು. ಏಳು ಗೇರಿನ ಎಷ್ಟೋ ಸೈಕಲ್ಲುಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಬ್ರೇಕ್ ಬೀಳುತ್ತದೆ. ಜರ್ಮನ್ನರಿಗೆ ಚಿಕ್ಕಂದಿನಿಂದ ಅಭ್ಯಾಸ. ನಮಗೆ ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲ್ ಹಿಂದಕ್ಕೆ ತಿರುಗಿಸಿ ಕಾಲಿಗೆ ಸರಿಮಾಡಿಕೊಳ್ಳುವ ಚಾಳಿ ಇದೆಯಲ್ವಾ, ಅದು ಇಲ್ಲಿ ನಡೆಯಲ್ಲ. ಕೇಳಿದರೆ ಪೆಡಲ್ ಹಿಂದಕ್ಕೆ ಸುಮ್ಮನೆ ತಿರುಗುವ, ಫ್ರೀವೀಲ್ ಇರುವುದನ್ನೇ ಕೊಡುತ್ತಾರೆ, ಬುಕ್ ಮಾಡುವಾಗಲೇ ಹೇಳಿ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ನಮ್ಮಲ್ಲಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಅಲ್ಲಿ ಎಡಗೈಯದು ಮುಂದಿನದಕ್ಕೆ. ಮೊದಲ ದಿನ ಖಾಲಿ ಜಾಗದಲ್ಲಿ ನಾಲ್ಕು ಸುತ್ತು ಹೊಡೆದು, ನಿಧಾನಕ್ಕೆ ಹಿಡಿದು ನೋಡಿ ಹೊರಡಿ.

ಪಂಕ್ಚರ್ ಆದಾಗ ಹಬ್ ಗೇರಿನ ಸುಖವೆಲ್ಲ ಇಳಿದುಹೋಗುತ್ತದೆ. ಹಿಂದಿನ ಚಕ್ರ ಬಿಚ್ಚಲು ಗೇರಿನ ಕೇಬಲ್ ಕಳಚಬೇಕು, 15 ಎಂಎಂ ಸ್ಪ್ಯಾನರ್ ಬೇಕು. ಒಮ್ಮೆ ಬಾಡಿಗೆಯವರು ಕೊಟ್ಟ ಕಿಟ್ಟಿನಲ್ಲಿ ಪಂಪು, ಪ್ಯಾಚು ಎಲ್ಲಾ ಇತ್ತು, ಸ್ಪ್ಯಾನರ್ ಇರಲಿಲ್ಲ. ಫೋನ್ ಮಾಡಿದರೆ ಮುಂದಿನ ಊರಿನ ಅಂಗಡಿಗೆ ತಳ್ಳಿಕೊಂಡು ಹೋಗಿ ಅಂದರು. ನಾವು ಚಕ್ರ ಬಿಚ್ಚಲೇ ಇಲ್ಲ. ಟೈರನ್ನು ಒಂದು ಕಡೆ ಎಬ್ಬಿಸಿ, ಟ್ಯೂಬನ್ನು ಪಕ್ಕಕ್ಕೆ ಎಳೆದು ಅಲ್ಲೇ ಪ್ಯಾಚ್ ಹಾಕಿದೆವು. ನಮ್ಮೂರ ಪಂಕ್ಚರ್ ಅಂಗಡಿಯವರು ಮಾಡುವುದೇ ಹೀಗೆ. ಅಂದಹಾಗೆ, ನಮ್ಮ ಹಳೇ ಹೀರೋ, ಅಟ್ಲಾಸ್ ಸೈಕಲ್ಲಿನಲ್ಲಿದ್ದ ವಾಲ್ವನ್ನೇ ಜರ್ಮನಿಯ ಎಷ್ಟೋ ಸೈಕಲ್ಲುಗಳಲ್ಲಿ ಇವತ್ತಿಗೂ ನೋಡಬಹುದು.

ಇದೇ ಸೈಕಲ್ಲನ್ನು ಎಲ್ಲ ಕಡೆಗೂ ಒಯ್ಯಬೇಡಿ. ಸಾಲ್ಸ್‌ಬರ್ಗ್‌ನಿಂದ ಇಟಲಿಯ ಗ್ರಾಡೊಗೆ ಹೋಗುವ ಆಲ್ಪೆ ಆಡ್ರಿಯಾ ದಾರಿ ಸುಮಾರು 410 ಕಿ.ಮೀ. ಅದರಲ್ಲಿ ಗಾಸ್ಟೈನ್ ಕಣಿವೆಯ ಏರು ಇದೆ. ಆಮೇಲೆ ಬೆಟ್ಟದ ಆಚೆ ಹೋಗಲು ಸುರಂಗದಲ್ಲಿ ಸೈಕಲ್ ಸಮೇತ ರೈಲು. ಆ ಏರಿಗೆ ಏಳು ಗೇರ್ ಸಾಲದು. ಚೈನ್ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಜಿಗಿಯುವ 24 ಅಥವಾ 27 ಗೇರಿನ ಸೈಕಲ್ಲೇ ಬೇಕು, ಇಲ್ಲವಾದರೆ ಇ-ಬೈಕ್. ಯುರೋಪಿನ ಸಾಮಾನ್ಯ ಇ-ಬೈಕಿನ ಮೋಟಾರ್ 250 ವ್ಯಾಟ್, ಗಂಟೆಗೆ 25 ಕಿ.ಮೀ. ದಾಟಿದರೆ ಸಹಾಯ ನಿಲ್ಲಿಸುತ್ತದೆ. ಏರಿನಲ್ಲಿ ಸ್ವರ್ಗ. ರೈಲಿನ ಮೆಟ್ಟಿಲು ಹತ್ತಿಸುವಾಗ 25 ಕೆಜಿ ಎತ್ತುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ. ಡ್ಯಾನ್ಯೂಬ್‌ಗೆ ಮೊಣಕಾಲು ನೋವಿದ್ದರೆ ಮಾತ್ರ ಇ-ಬೈಕ್. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಸ್ವಂತ ಸೈಕಲ್ ಯಾಕೆ ಬೇಡ ಅಂದೆ? ವಿಮಾನದ ಖರ್ಚು, ಡಬ್ಬಿ ಕಟ್ಟುವ ತಲೆನೋವು ಒಂದು ಕಡೆ ಇರಲಿ. ಸವಾರಿ ಶುರುವಾಗುವುದು ಪಸ್ಸಾವ್‌ನಲ್ಲಿ, ಮುಗಿಯುವುದು ವಿಯೆನ್ನಾದಲ್ಲಿ. ಆ ಖಾಲಿ ಡಬ್ಬಿಯನ್ನು ಎಲ್ಲಿಡುತ್ತೀರಿ? ಬಾಡಿಗೆಯದಾದರೆ ವಿಯೆನ್ನಾದಲ್ಲೇ ಬಿಟ್ಟು ಬರುವ ಏರ್ಪಾಡು ಸಿಗುತ್ತದೆ.

ಅಳತೆಯ ವಿಷಯದಲ್ಲಿ ಸಂಕೋಚ ಬೇಡ. ಅಲ್ಲಿನವರ ‘ಚಿಕ್ಕ’ ಸೈಜು ನಮ್ಮ ಕಡೆಯ ಐದಡಿ ಹೆಂಗಸರಿಗೆ ದೊಡ್ಡದೇ ಆಗಬಹುದು. ಎತ್ತರದ ಜೊತೆಗೆ ಕಾಲಿನ ಒಳ ಅಳತೆಯನ್ನೂ (ತೊಡೆಸಂದಿನಿಂದ ನೆಲದವರೆಗೆ) ಸೆಂಟಿಮೀಟರಿನಲ್ಲಿ ಬರೆದು ಕಳಿಸಿ. ಒಳ ಅಳತೆಯನ್ನು 0.66ರಿಂದ ಗುಣಿಸಿದರೆ ಫ್ರೇಮಿನ ಸೈಜು ಹತ್ತಿರ ಹತ್ತಿರ ಸಿಗುತ್ತದೆ. ನನ್ನ ಹೆಂಡತಿಗೆ ಹೊಂದಿದ್ದು ಅಡ್ಡ ಪೈಪಿಲ್ಲದ ಚಿಕ್ಕ ಫ್ರೇಮು, 26 ಇಂಚಿನ ಚಕ್ರ. ಅಂಥದ್ದು ಕಡಿಮೆ ಇರುತ್ತದೆ, ಬೇಗ ಬುಕ್ ಮಾಡಬೇಕು.

ಕೊನೆಗೆ ಸೀಟು. ಬಾಡಿಗೆ ಸೈಕಲ್ಲಿನ ಅಗಲವಾದ ಜೆಲ್ ಸೀಟು ಮೊದಲ ಗಂಟೆ ಸೋಫಾ. ಮಧ್ಯಾಹ್ನದ ಹೊತ್ತಿಗೆ ತೊಡೆ ಉಜ್ಜಿ ಉರಿ ಶುರು. ಮನೆಯಲ್ಲಿ ಕೂತು ಪಳಗಿದ ಸೀಟನ್ನೇ ಬಿಚ್ಚಿ ತಗೊಂಡು ಹೋಗಿ, ಸಾಮಾನ್ಯವಾಗಿ ಕೂರುತ್ತದೆ. ಅಲೆನ್ ಕೀಯನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಿ. ವಾಪಸ್ ಕೊಡುವಾಗ ಅವರ ಸೀಟು ಮತ್ತೆ ಹಾಕಿಕೊಡಬೇಕು, ಹಾಗಾಗಿ ಅದನ್ನೂ ಜೊತೆಗೇ ಒಯ್ಯಬೇಕಾಗುತ್ತದೆ. ಲಗೇಜ್ ಸಾಗಿಸುವ ಸೇವೆ ತಗೊಂಡಿದ್ದರೆ ಅವರ ಸೀಟು ಅವರದೇ ವ್ಯಾನಿನಲ್ಲಿ ವಿಯೆನ್ನಾಗೆ ಬರುತ್ತದೆ.